ಹುತ್ರಿದುರ್ಗದ ಏಣಿನ ಮೇಲೆ



ಬೆಟ್ಟದ ತುದಿಯನ್ನು ಮುಟ್ಟಿ ಬಂದವರ ಕಥೆಗಳನ್ನು ತಾವು ಬೇಕಾದಷ್ಟು ಕೇಳಿರಬಹುದು. ನಾವು ಈ ಹೊತ್ತು ಹೇಳಹೊರಟಿರುವುದು ತುದಿಯನ್ನು ಕಣ್ಣಾರೆ ಕಂಡೂ ಮುಟ್ಟದೆ ಹಿಂದಿರುಗಿದ ಹದಿನಾಲ್ಕು ಮಂದಿಯ ಸಂಗತಿ. ಇದರಲ್ಲಿ ಶೌರ್ಯವೆಂಬುದು ಎಳ್ಳಷ್ಟೂ ಇಲ್ಲ. ನಮ್ಮ ತಪ್ಪುಗಳಂತೂ ಧಾರಾಳವಾಗಿವೆ. ಆದರೂ, ಭಾನುವಾರ ಬಂತೆಂದರೆ ಪಟ್ಟಣದ ಜನ ಗುಂಪುಗುಂಪಾಗಿ ದುರ್ಗಗಳ ಕಡೆಗೆ ಹೊರಡುತ್ತಿರುವ ಈ ಕಾಲದಲ್ಲಿ, ನಾವು ಕಲಿತ ಪಾಠ ಮತ್ತೊಬ್ಬರ ಉಪಯೋಗಕ್ಕೆ ಬಂದೀತೆಂದು ಇದನ್ನು ನಿವೇದಿಸುತ್ತಿದ್ದೇವೆ.

ನಮ್ಮ ತುಮಕೂರು ಸೀಮೆಯನ್ನು ಬಯಲುಸೀಮೆಯೆಂದು ಕರೆಯುವುದು ವಾಡಿಕೆ. ಗುಬ್ಬಿಯ ಕೆರೆಯ ಏರಿಯ ಮೇಲೆ ನಿಂತು ತೆಂಗಿನ ತೋಟಗಳನ್ನೂ ರಾಗಿಯ ಹೊಲಗಳನ್ನೂ ನೋಡುವವರಿಗೆ ಈ ಮಾತು ನಿಜವೆಂದೇ ತೋರುತ್ತದೆ. ಆದರೆ ತುಮಕೂರಿಗೆ ಬಂದು ಮೂಡಲಿಗೆ ಮುಖಮಾಡಿ ನಿಂತರೆ ದೇವರಾಯನದುರ್ಗವು ಆಕಾಶಕ್ಕೆ ತೋಳೆತ್ತಿ ನಿಂತಿರುವುದು ಕಾಣುತ್ತದೆ. ಅದರಾಚೆಗೆ ಬಡಗಲಲ್ಲಿ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿಗಳು, ತೆಂಕಲಲ್ಲಿ ಶಿವಗಂಗೆ, ಇನ್ನೂ ಕೆಳಗೆ ಕುಣಿಗಲ್ ತಾಲ್ಲೂಕಿನಲ್ಲಿ ಹುಲಿಯೂರುದುರ್ಗ, ಹುತ್ರಿದುರ್ಗಗಳು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತಷ್ಟೆ. ಆ ಹೆಸರಿನಿಂದಲೇ ಭೂವಿಜ್ಞಾನಿಗಳು ಕರೆಯುವ ಗ್ರಾನೈಟ್ ಶಿಲೆಯ ಪಟ್ಟಿಯೊಂದು ದಕ್ಷಿಣದಿಂದ ಉತ್ತರಕ್ಕೆ ನಮ್ಮ ನಾಡನ್ನು ಹಾಯ್ದು ಹೋಗಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷವೆಂದು ಗಣಿಸಿದ್ದಾರೆ. ಬಿಸಿಲು ಮಳೆಗಳ ಹೊಡೆತಕ್ಕೆ ಈ ಬಗೆಯ ಕಲ್ಲು ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಕಳಚಿಕೊಳ್ಳುತ್ತದೆ. ನಮ್ಮ ಸೀಮೆಯ ಬೆಟ್ಟಗಳ ನೆತ್ತಿ ಬೋಳಾಗಿಯೂ ದುಂಡಾಗಿಯೂ ಇರುವುದಕ್ಕೆ ಇದೇ ಕಾರಣ. ನೋಡುವುದಕ್ಕೆ ಇದು ಚೆಲುವು. ಹತ್ತುವವನಿಗೆ ಮಾತ್ರ ಹಿಡಿಯುವುದಕ್ಕೆ ಕೊಂಬೆಯಿಲ್ಲ, ಊರುವುದಕ್ಕೆ ಮೆಟ್ಟಿಲಿಲ್ಲ.

ಹುತ್ರಿದುರ್ಗವು ಸಮುದ್ರಮಟ್ಟದಿಂದ ಸುಮಾರು 3,700 ಅಡಿ ಎತ್ತರದಲ್ಲಿದೆ. ಮಾಗಡಿಯ ಕೆಂಪೇಗೌಡರ ವಂಶದವರು ಇಲ್ಲಿ ಕೋಟೆ ಕಟ್ಟಿಸಿದರೆಂದು ಹೇಳುತ್ತಾರೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್ ತಿಂಗಳಲ್ಲಿ, ಸಾವನದುರ್ಗವು ಬಿದ್ದ ಕೆಲವೇ ದಿನಗಳಿಗೆ ಕಾರ್ನ್‌ವಾಲಿಸನ ಸೈನ್ಯವು ಇದನ್ನೂ ಲಗ್ಗೆಹತ್ತಿ ಹಿಡಿಯಿತು. ಬುಡದಲ್ಲಿ ಸಂತೇಪೇಟೆಯೆಂಬ ಹಳ್ಳಿ. ಕೋಟೆಯ ಬಾಗಿಲನ್ನು ದಾಟಿದರೆ ಒಳಗೂ ಒಂದು ಊರು. ಅಲ್ಲಿಂದ ಮುಂದೆ ಒಂದರ ಮೇಲೊಂದು ಬಾಗಿಲುಗಳು, ಕುಸಿದ ಗೋಡೆಗಳು, ಬಂಡೆಯಲ್ಲಿ ಕಡಿದ ಪಾವಟಿಗೆಗಳು. ಎಲ್ಲಕ್ಕೂ ಮೇಲೆ, ಬೋಳುಬಂಡೆಯ ನೆತ್ತಿಯಲ್ಲಿ, ಶಂಕರೇಶ್ವರನ ಗುಡಿ. ಪಾವಟಿಗೆಗಳು ಎಲ್ಲ ಕಡೆಯೂ ಇಲ್ಲ. ಇಲ್ಲದ ಕಡೆ ಎರಡು ಕಾಲು ಸಾಲದು. ಕೈಗಳನ್ನೂ ಊರಿ ಅಂಬೆಗಾಲಿಡಬೇಕು. ವಯಸ್ಸಾದ ಮೇಲೆ ಅಂಬೆಗಾಲಿಡುವುದರಲ್ಲಿಯೂ ಒಂದು ಸುಖವುಂಟೆಂದು ನಮ್ಮಲ್ಲಿ ಕೆಲವರು ಆ ದಿನ ಕಂಡುಕೊಂಡರು.

ನಾವು ಹೊರಟದ್ದು ಅಕ್ಟೋಬರ್ ತಿಂಗಳ ಒಂದು ಭಾನುವಾರ. ಗುಂಪಿನಲ್ಲಿ ಉಪಾಧ್ಯಾಯರಿದ್ದರು, ವಕೀಲರಿದ್ದರು, ಬ್ಯಾಂಕಿನವರಿದ್ದರು, ಇಬ್ಬರು ಗೃಹಿಣಿಯರಿದ್ದರು, ಕಾಲೇಜಿನ ಹುಡುಗರು ಮೂವರಿದ್ದರು. ಗುಬ್ಬಿಯ ಮಿತ್ರರು ಬೆಳಗಿನ ರೈಲಿನಲ್ಲಿ ತುಮಕೂರಿಗೆ ಬಂದು ಸೇರಿಕೊಂಡರು. ಕುಣಿಗಲ್ಲಿನವರು ತಮ್ಮ ಊರಿನ ದೊಡ್ಡಕೆರೆಯ ಬಳಿ ಕಾದಿರುವುದಾಗಿ ಹೇಳಿದ್ದರು. ಏಳೂವರೆಗೆ ಬೆಟ್ಟದ ಬುಡದಲ್ಲಿರಬೇಕೆಂಬುದು ನಿಶ್ಚಯ. ಆದರೆ ಹೊರಡುವ ಹೊತ್ತಿಗೆ ಯಾರೋ ಒಬ್ಬರು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹೆಸರೆತ್ತಿದರು. ಕ್ಯಾತ್ಸಂದ್ರ ಇರುವುದು ಬೆಂಗಳೂರಿನ ದಾರಿಯಲ್ಲಿ, ನಾವು ಹೋಗಬೇಕಾದದ್ದು ಗೂಳೂರು ಹೆಬ್ಬೂರುಗಳ ದಾರಿಯಲ್ಲಿ, ಎಂಬ ಸಣ್ಣ ವಿಚಾರ ಯಾರ ಮನಸ್ಸಿಗೂ ಬರಲಿಲ್ಲ. ಬಂದವರೂ ಬಾಯಿ ಬಿಡಲಿಲ್ಲ. ಇಡ್ಲಿ ಮೃದುವಾಗಿತ್ತು, ಬೆಣ್ಣೆ ಧಾರಾಳವಾಗಿತ್ತು. ನಾವು ಸಂತೇಪೇಟೆಯನ್ನು ಮುಟ್ಟಿದಾಗ ಹತ್ತು ಗಂಟೆಯಾಗಿತ್ತು. ಆ ಎರಡೂವರೆ ಗಂಟೆಯ ಬೆಲೆಯನ್ನು ನಾವು ಮಧ್ಯಾಹ್ನ ತೆರಬೇಕಾಯಿತು.

ನಮಗೆ ದಾರಿ ತೋರುವುದಕ್ಕೆ ಒಪ್ಪಿಕೊಂಡವರು ಅದೇ ಊರಿನ, ಅರವತ್ತು ದಾಟಿದ ಹಿರಿಯರು. ಚಿಕ್ಕಂದಿನಿಂದ ಆ ಬೆಟ್ಟದ ಮೇಲೆ ಆಡು ಮೇಯಿಸಿದವರು. ನಾವು ಅವರನ್ನು ‘ಗೌಡರೆ’ ಎಂದು ಕರೆದೆವು; ಅವರು ನಮ್ಮೆಲ್ಲರನ್ನೂ ಹಿರಿಯ ಕಿರಿಯರೆನ್ನದೆ ‘ಸ್ವಾಮಿ’ ಎಂದರು. ಹೊರಡುವ ಮುನ್ನ ಆಕಾಶವನ್ನೊಮ್ಮೆ, ನಮ್ಮ ಪಾದರಕ್ಷೆಗಳನ್ನೊಮ್ಮೆ ನೋಡಿ ಅವರು ಹೇಳಿದ್ದಿಷ್ಟೆ:

“ನಾನು ಸಾಕು ಅಂದ ಕಡೆ ಸಾಕು ಅನ್ಬೇಕು ಸ್ವಾಮಿ. ಒಪ್ಪೋದಾದ್ರೆ ಬತ್ತೀನಿ.”

ಹದಿನಾಲ್ಕು ತಲೆಗಳೂ ಒಮ್ಮೆಲೆ ಆಡಿದವು. ಆಕಾಶ ಬೆಳ್ಳಗಿತ್ತು, ಹೊಟ್ಟೆ ತುಂಬಿತ್ತು; ಅಂಥ ವೇಳೆಯಲ್ಲಿ ಮನುಷ್ಯನು ಯಾವ ಕರಾರಿಗೂ ಒಪ್ಪುತ್ತಾನೆ.

ಗೌಡರು ನಡೆಸಿದ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೆಂದು ಮೊದಲ ಬಾಗಿಲಿನವರೆಗೆ ನೋಡಿಕೊಂಡು, ಅವರನ್ನು ತಮ್ಮ ಬೆನ್ನ ಹಿಂದೆಯೇ ಇರಿಸಿಕೊಂಡರು. ಬಲವುಳ್ಳ ಹುಡುಗನೊಬ್ಬನನ್ನು ಎಲ್ಲರ ಹಿಂದೆ ನಿಲ್ಲಿಸಿದರು. ಪ್ರತಿಯೊಂದು ಬಾಗಿಲಿನಲ್ಲಿಯೂ ತಲೆ ಎಣಿಸಿದರು. ಕಲ್ಲು ಕಡಿದಾದ ಕಡೆ “ಮೂರ್ ಊರು, ಒಂದ್ ಎತ್ತು” ಎಂದು ಹೇಳಿಕೊಟ್ಟರು. ಎಂದರೆ ಎರಡು ಕೈ ಎರಡು ಕಾಲುಗಳಲ್ಲಿ ಮೂರು ನೆಲೆಯಾಗಿ ಊರಿದ ಮೇಲೆಯೇ ನಾಲ್ಕನೆಯದನ್ನು ಎತ್ತಬೇಕು. ಪರ್ವತಾರೋಹಣದ ಶಾಲೆಗಳಲ್ಲಿ ಕಲಿಸುವ ಮೊದಲ ಪಾಠವೂ ಇದೇ. ಬಂಡೆಯ ಮೇಲೆ ಇಳಿದುಬಂದಿರುವ ಕಪ್ಪು ಪಟ್ಟೆಗಳನ್ನು ಬಿಟ್ಟು, ಬಿಳುಪಾಗಿ ಒರಟಾಗಿರುವ ಕಲ್ಲನ್ನೇ ಮೆಟ್ಟಿರೆಂದರು. ಕಾರಣ ಸರಳವಾದದ್ದು. ಗ್ರಾನೈಟಿನ ಹರಳುಗಳು ಒಣಗಿರುವಾಗ ಅಂಗಾಲನ್ನು ಅರದಂತೆ ಹಿಡಿಯುತ್ತವೆ. ಆದರೆ ಮಳೆನೀರು ಹರಿಯುವ ಜಾಡಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾಗಿ ಪಾಚಿ ಬೆಳೆದಿರುತ್ತದೆ; ಬಿಸಿಲಿನಲ್ಲಿ ಅದು ಕಪ್ಪು ಬಣ್ಣ ಬಳಿದಂತೆ ಕಾಣುವುದಷ್ಟೆ; ನಾಲ್ಕು ಹನಿ ಬಿದ್ದೊಡನೆ ಸಾಬೂನಾಗುತ್ತದೆ.

ಮಧ್ಯದ ಬಾಗಿಲುಗಳನ್ನು ದಾಟಿ ಏಣಿನ ಮೇಲೆ ಬಂದಾಗ ಗಾಳಿ ಬೀಸತೊಡಗಿತು. ಬಿಸಿಲು ಮಾಯವಾಗಿ, ಸಾವನದುರ್ಗದ ಕಡೆಯಿಂದ ಮಂಜಿನಂಥ ಮೋಡ ತೆವಳಿಕೊಂಡು ಬಂತು. ಅಕ್ಟೋಬರ್ ತಿಂಗಳು ನಮ್ಮ ಸೀಮೆಯಲ್ಲಿ ಹಿಂಗಾರಿನ ಕಾಲ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಮಳೆ. ಇದು ರೈತನಿಗೆ ತಿಳಿದ ಲೆಕ್ಕ. ತುದಿಯ ಗುಡಿ ಕಾಣುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಇನ್ನುಳಿದದ್ದು ಒಂದೇ ಹಾಸುಬಂಡೆ; ಹದಿನೈದು ಇಪ್ಪತ್ತು ನಿಮಿಷದ ದಾರಿ. ಅಲ್ಲಿ ಗೌಡರು ನಿಂತು, ಕೆಳಗಿನ ಪೊದೆಗಳ ಕಡೆ ನೋಡಿ, “ಸಾಕು” ಎಂದರು. ಆಡುಗಳು ಯಾರೂ ಹೊಡೆಯದೆಯೇ ಸಾಲಾಗಿ ಇಳಿಯುತ್ತಿದ್ದವು.

ಆಗ ನಮ್ಮಲ್ಲಿ ವಾದವೆದ್ದಿತು. ಗುಬ್ಬಿಯ ಮಿತ್ರರೊಬ್ಬರು ನಾಟಕಪ್ರಿಯರು. ವೀರಣ್ಣನವರ ಊರಿನವರಿಗೆ ಅದು ಸಹಜವೇ ಸರಿ. “ಆರು ಅಂಕ ನೋಡಿ ಕಡೆಯ ಅಂಕ ನೋಡದೆ ಎದ್ದು ಬರುವುದುಂಟೇನ್ರೀ?” ಎಂದು ಅವರು ಕೇಳಿದರು. ವಕೀಲ ಮಿತ್ರರು ಬುಡದಲ್ಲಿ ಆದ ಕರಾರಿಗೆ ವ್ಯಾಖ್ಯಾನ ತೊಡಗಿದರು: ಸಾಕು ಎಂಬ ಮಾತು ಅಪಾಯ ಕಂಡಾಗ ಅನ್ವಯವಾಗಬೇಕೇ ಹೊರತು ಅಪಾಯದ ಶಂಕೆ ಬಂದಾಗಲ್ಲ, ಎಂದು. ಮಳೆ ಬಂದರೆ ಮೇಲಿನ ಗುಡಿಯಲ್ಲೇ ನಿಂತರಾಯಿತೆಂದು ಮತ್ತೊಬ್ಬರೆಂದರು. ಗೌಡರು ವಾದಿಸಲಿಲ್ಲ. ತಮ್ಮ ಕಂಬಳಿಯನ್ನು ತಲೆಯ ಮೇಲೆಳೆದುಕೊಂಡು ಸುಮ್ಮನೆ ನಿಂತರು. ಗುಂಪನ್ನು ಕರೆತಂದವರು ನಾವು. “ಮಾತು ಕೊಟ್ಟಿದ್ದೇವೆ, ಇಳಿಯೋಣ” ಎಂದು ಹೇಳಬೇಕಾದವರೂ ನಾವೇ. ನಾವು ಹೇಳಲಿಲ್ಲ. ಮಿತ್ರರ ಉತ್ಸಾಹಕ್ಕೆ ಭಂಗ ತರುವುದೇಕೆಂಬ ದಾಕ್ಷಿಣ್ಯವೊಂದು ಕಾರಣ. ತುದಿಯ ಆಸೆ ನಮಗೂ ಇದ್ದದ್ದು ಮತ್ತೊಂದು ಕಾರಣ. ಹೀಗೆ ಹತ್ತು ನಿಮಿಷ ಕಳೆಯಿತು.

ವಾದವನ್ನು ಮುಗಿಸಿದ್ದು ಮಿಂಚು. ಗುಂಪಿನಲ್ಲಿದ್ದ ಭೌತಶಾಸ್ತ್ರದ ಉಪಾಧ್ಯಾಯರು ಬೆರಳು ಮಡಿಸಿ ಎಣಿಸತೊಡಗಿದರು. ಮಿಂಚು ಕಂಡ ಮೇಲೆ ಗುಡುಗು ಕೇಳುವುದಕ್ಕೆ ಮೂರು ಸೆಕೆಂಡು ಹಿಡಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆಯೆಂದು ಅರ್ಥ. ಮೊದಲನೆಯ ಸಲ ಇಪ್ಪತ್ತನ್ನು ಎಣಿಸಿದರು. ಎರಡನೆಯ ಸಲ ಹನ್ನೆರಡನ್ನು. ಏಳು ಕಿಲೋಮೀಟರ್ ನಾಲ್ಕಕ್ಕೆ ಇಳಿದಿತ್ತು. ಮೂವತ್ತನ್ನು ಎಣಿಸುವುದರೊಳಗೆ ಗುಡುಗು ಕೇಳಿದರೆ ಆಗಲೇ ಎತ್ತರದ ಬಯಲನ್ನು ಬಿಟ್ಟಿರಬೇಕೆಂಬುದು ತಿಳಿದವರ ನಿಯಮ. ಆಡು ಮೇಯಿಸಿದ ಅನುಭವ ಮೊದಲು ಹೇಳಿದ ಮಾತನ್ನೇ ಶಾಸ್ತ್ರದ ಲೆಕ್ಕವೂ ಹೇಳಿತು; ಆದರೆ ಹತ್ತು ನಿಮಿಷ ತಡವಾಗಿ ಹೇಳಿತು. ತುದಿಯ ಗುಡಿಯಲ್ಲಿ ಆಶ್ರಯ ಪಡೆಯುವ ಆಲೋಚನೆಯಂತೂ ಎಲ್ಲಕ್ಕಿಂತ ಕೆಟ್ಟದ್ದು. ಸಿಡಿಲು ಎತ್ತರವಾದದ್ದನ್ನು ಅರಸುತ್ತದೆ. ಬೋಳುಬೆಟ್ಟದ ನೆತ್ತಿಯ ಮೇಲೆ ಗುಡಿಗಿಂತ ಎತ್ತರವಾದದ್ದು ಇನ್ನಾವುದಿದೆ?

ಇಳಿಯತೊಡಗಿದೆವು. ಅಷ್ಟರಲ್ಲಿ ಮಳೆ ಬಂದೇ ಬಂತು. ಹತ್ತು ನಿಮಿಷದ ಹಿಂದೆ ಒಣಗಿದ್ದ ಬಂಡೆ ಈಗ ನೀರಿನ ಹಾಸು. ಗೌಡರು ನಮ್ಮನ್ನು ಒಬ್ಬರಿಂದೊಬ್ಬರಿಗೆ ಹತ್ತು ಮಾರು ಅಂತರವಿಟ್ಟು ಬಿಡಿಬಿಡಿಯಾಗಿ ಇಳಿಸಿದರು. ಗುಂಪು ಕೂಡಿ ನಿಂತರೆ ಒಂದೇ ಸಿಡಿಲು ಎಲ್ಲರನ್ನೂ ತಟ್ಟೀತು. ಮೇಲಿನವನು ಜಾರಿದರೆ ಕೆಳಗಿನವನ ಮೇಲೆ ಬಿದ್ದಾನು. ಕಡಿದಾದ ಕಡೆ ಬಂಡೆಗೆ ಮುಖಮಾಡಿ, ಬೆನ್ನು ಹೊರಗಿಟ್ಟು, ಏಣಿಯಿಂದ ಇಳಿಯುವಂತೆ ಇಳಿದೆವು. ಹತ್ತುವಾಗ ನಕ್ಕಿದ್ದ “ಮೂರ್ ಊರು, ಒಂದ್ ಎತ್ತು” ಎಂಬ ಮಾತು ಈಗ ಮಂತ್ರದಂತೆ ಒಬ್ಬೊಬ್ಬರ ತುಟಿಯ ಮೇಲೂ ಇತ್ತು.

ಮೂರನೆಯ ಹಾಸುಬಂಡೆಯಲ್ಲಿ ಕಾಲೇಜಿನ ಹುಡುಗನೊಬ್ಬ ಕಪ್ಪು ಪಟ್ಟೆಯ ಮೇಲೆ ಕಾಲಿಟ್ಟ. ಅವನು ಕೂಗಲಿಲ್ಲ. ಕೂಗುವುದಕ್ಕೆ ಹೊತ್ತೇ ಇರಲಿಲ್ಲ. ಬೆನ್ನಡಿಯಾಗಿ ಬಿದ್ದು, ನಾಲ್ಕೈದು ಮಾರು ಜಾರಿ, ಬಂಡೆಯ ಸಂದಿನಲ್ಲಿ ಬೆಳೆದಿದ್ದ ಲಂಟಾನದ ಪೊದೆಗೆ ಸಿಕ್ಕಿ ನಿಂತ. ಪೊದೆಯಾಚೆಗೆ ಏನಿತ್ತೆಂದು ನಾವು ಆಮೇಲೆ ನೋಡಿದೆವು. ಏನೂ ಇರಲಿಲ್ಲ, ಮೋಡವಿತ್ತು. ನಮ್ಮ ತೋಟಗಾರರೆಲ್ಲ ಶಪಿಸುವ ಆ ಹಾಳು ಗಿಡವನ್ನು ನಾವು ಆ ದಿನದಿಂದ ಶಪಿಸುವುದನ್ನು ಬಿಟ್ಟಿದ್ದೇವೆ. ಗೌಡರು ಕುಳಿತುಕೊಂಡೇ ಅವನ ಬಳಿಗೆ ಸರಿದು, ಕಂಬಳಿಯ ತುದಿಯನ್ನು ಕೊಟ್ಟು ಮೇಲಕ್ಕೆಳೆದುಕೊಂಡರು. ಮೊಣಕೈ ತರಚಿತ್ತು, ಮಣಿಕಟ್ಟು ಉಳುಕಿತ್ತು. ಅಷ್ಟರಿಂದಲೇ ಕಳೆಯಿತು.

ಕೋಟೆಯೊಳಗಿನ ಊರಿನಲ್ಲಿ ಒಂದು ಮನೆಯ ಜಗಲಿಯ ಮೇಲೆ ಹದಿನಾಲ್ಕು ಮಂದಿಯೂ ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕುಳಿತೆವು. ಮನೆಯವರು ಯಾರೆಂದು ಕೇಳದೆ ಬಿಸಿ ಕಾಫಿ ಕೊಟ್ಟರು. ಆ ಹುಡುಗ ತನ್ನ ಮಣಿಕಟ್ಟಿಗೆ ಬಟ್ಟೆ ಸುತ್ತಿಸಿಕೊಳ್ಳುತ್ತಿದ್ದಾಗ ವಕೀಲ ಮಿತ್ರರು ತಾವಾಗಿಯೇ ಎದ್ದು ಹೋಗಿ ಗೌಡರ ಮುಂದೆ ನಿಂತು, “ತಪ್ಪಾಯಿತು ಗೌಡರೆ” ಎಂದರು. ಅವರೊಬ್ಬರದೇ ತಪ್ಪಲ್ಲವೆಂದು ನಮಗೆ ಗೊತ್ತಿತ್ತು. ಆ ಹತ್ತು ನಿಮಿಷದ ವಾದಕ್ಕೆ ಬದಲಾಗಿ ಇಳಿಯಲು ತೊಡಗಿದ್ದರೆ, ಆ ಹಾಸುಬಂಡೆಯನ್ನು ನಾವು ಒಣಗಿರುವಾಗಲೇ ದಾಟಿರುತ್ತಿದ್ದೆವು. ಗೌಡರು ನಕ್ಕು, “ಬೆಟ್ಟ ನಿಮ್ಮ ಮಾತು ಕೇಳಾಕಿಲ್ಲ ಸ್ವಾಮಿ, ನೀವೇ ಬೆಟ್ಟದ ಮಾತು ಕೇಳ್ಬೇಕು” ಎಂದರು.

ಇಷ್ಟು ಸಣ್ಣ ಬೆಟ್ಟ, ಇಷ್ಟು ಸಣ್ಣ ಪೆಟ್ಟು. ಇದನ್ನು ಇಷ್ಟು ದೊಡ್ಡದು ಮಾಡಿ ಹೇಳುವುದೇಕೆಂದು ತಾವು ಕೇಳಬಹುದು. 2024ರ ಜೂನ್ ತಿಂಗಳ ಮೊದಲ ವಾರವನ್ನು ನಮ್ಮ ನಾಡು ಮರೆತಿಲ್ಲ. ಉತ್ತರಾಖಂಡದ ಸಹಸ್ರತಾಲ್ ಎಂಬ ಎತ್ತರದ ಸರೋವರದ ದಾರಿಯಲ್ಲಿ, ಸಮುದ್ರಮಟ್ಟದಿಂದ 4,000 ಮೀಟರಿಗೂ ಮೇಲೆ, 22 ಮಂದಿಯ ತಂಡವೊಂದು ಹಿಮಗಾಳಿಗೆ ಸಿಕ್ಕಿತು. ಅವರಲ್ಲಿ ಬಹುಮಂದಿ ಕರ್ನಾಟಕದವರು; ದಾರಿ ತೋರುವುದಕ್ಕೆ ಸ್ಥಳೀಯರೂ ಜೊತೆಗಿದ್ದರು. 9 ಮಂದಿ ಅಲ್ಲಿಯೇ ತೀರಿಕೊಂಡರು. 13 ಮಂದಿಯನ್ನು ರಕ್ಷಣಾ ದಳದವರೂ ವಾಯುಪಡೆಯ ಹೆಲಿಕಾಪ್ಟರುಗಳೂ ಕೆಳಗೆ ತಂದವು. ತೀರಿಕೊಂಡವರು ಬೆಟ್ಟವನ್ನರಿಯದವರಲ್ಲ; ಹಲವರು ವರ್ಷಗಟ್ಟಲೆ ಪರ್ವತಗಳಲ್ಲಿ ನಡೆದವರು. ತಪ್ಪು ಒಪ್ಪುಗಳ ತೀರ್ಮಾನವನ್ನು ಬೆಚ್ಚಗಿನ ಮನೆಯಲ್ಲಿ ಕುಳಿತು ಹೇಳುವ ಅಧಿಕಾರ ನಮಗಿಲ್ಲ. ಒಂದು ಮಾತನ್ನು ಮಾತ್ರ ಹೇಳಬಹುದು. ಅಷ್ಟು ಎತ್ತರದಲ್ಲಿ ಗಾಳಿಯೂ ತೇವವೂ ಕೂಡಿದರೆ ಮೈಯ ಶಾಖವನ್ನು ಗಂಟೆಗಳಲ್ಲಿ ಕದ್ದೊಯ್ಯುತ್ತವೆ. ಚಳಿ ಏರಿದವನಿಗೆ ಮೊದಲು ಕೈಬೆರಳು ಆಡದಾಗುತ್ತದೆ. ಆಮೇಲೆ ಬುದ್ಧಿಯೇ ಮಂಕಾಗುತ್ತದೆ. ಹಿಂದಿರುಗಬೇಕೆಂಬ ನಿಶ್ಚಯವನ್ನು ಮಾಡಬೇಕಾದ ಬುದ್ಧಿಯೇ ಆಗ ಕೈಕೊಡುತ್ತದೆ. ಆದ್ದರಿಂದ ಆ ನಿಶ್ಚಯವನ್ನು ಬುದ್ಧಿ ಬೆಚ್ಚಗಿರುವಾಗಲೇ, ಬುಡದಲ್ಲಿಯೇ ಮಾಡಿಟ್ಟುಕೊಂಡಿರಬೇಕು.

ಹಿಂದಿರುಗುವುದು ಅಪಮಾನವೆಂದು ಭಾವಿಸುವವರು ಶ್ಯಾಕಲ್‌ಟನ್ ಎಂಬ ಸಾಹಸಿಯನ್ನು ನೆನೆಯಬೇಕು. 1909ರ ಜನವರಿ 9ರಂದು ಆತನೂ ಆತನ ಮೂವರು ಸಂಗಡಿಗರೂ ದಕ್ಷಿಣ ಧ್ರುವಕ್ಕೆ ಇನ್ನು ನೂರಕ್ಕೂ ಕಡಿಮೆ ನಾವಿಕ ಮೈಲಿಗಳ ದೂರದಲ್ಲಿದ್ದರು. ಅದುವರೆಗೆ ಯಾವ ಮನುಷ್ಯನೂ ಅಷ್ಟು ಹತ್ತಿರ ಹೋಗಿರಲಿಲ್ಲ. ಮುಂದೆ ಹೋದರೆ ಧ್ರುವ ಸಿಕ್ಕಬಹುದು. ಆದರೆ ಹಿಂದಿರುಗುವುದಕ್ಕೆ ಆಹಾರ ಸಾಲದು. ಆತ ಲೆಕ್ಕ ಹಾಕಿ ಹಿಂದಿರುಗಿದ. ಧ್ರುವದ ಕೀರ್ತಿ 1911ರಲ್ಲಿ ನಾರ್ವೆಯ ಅಮುಂಡ್‌ಸೆನ್ನನಿಗೆ ದೊರೆಯಿತು. ಆದರೆ ಆ ನಾಲ್ವರೂ ಜೀವಂತವಾಗಿ ತಮ್ಮ ಮನೆಗಳನ್ನು ಸೇರಿದರು.

ಇನ್ನು ನಾವು ಮಾಡಿಕೊಂಡಿರುವ ಕಟ್ಟಳೆಗಳನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಬೆಳಕು ಹರಿಯುವಾಗ ಬೆಟ್ಟದ ಬುಡದಲ್ಲಿರುವುದು. ತಿಂಡಿಯ ವಿಚಾರವನ್ನು ಹಿಂದಿರುಗಿದ ಮೇಲೆ ಇಟ್ಟುಕೊಳ್ಳುವುದು. ಸ್ಥಳವನ್ನು ಬಲ್ಲವರೊಬ್ಬರನ್ನು ಮುಂದಿಟ್ಟುಕೊಂಡು, ಅವರ ‘ಸಾಕು’ ಎಂಬ ಮಾತಿಗೆ ಅಪೀಲು ಇಲ್ಲವೆಂದು ಒಪ್ಪಿಕೊಳ್ಳುವುದು. ಯಾವ ಗಂಟೆಗೆ ಎಲ್ಲಿದ್ದರೂ ತಿರುಗಬೇಕೆಂಬುದನ್ನು ಹೊರಡುವ ಮುನ್ನವೇ ಗೊತ್ತುಮಾಡಿ ಪ್ರತಿಯೊಬ್ಬರಿಗೂ ತಿಳಿಸುವುದು. ಗುಡುಗು ಕೇಳಿದರೆ ನೆತ್ತಿಯನ್ನೂ ಒಂಟಿಮರವನ್ನೂ ಬಿಟ್ಟು ಇಳಿಯುವುದು, ಕಡೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮೇಲಕ್ಕೆ ಹೋಗದಿರುವುದು. ಒಂದು ಜೊತೆ ಒಣಬಟ್ಟೆಯನ್ನು ನೀರು ಹೋಗದ ಚೀಲದಲ್ಲಿ ಕಟ್ಟಿಕೊಂಡಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಗುಂಪನ್ನು ಕರೆದೊಯ್ಯುವವರು ದಾಕ್ಷಿಣ್ಯವನ್ನು ಮನೆಯಲ್ಲಿ ಬಿಟ್ಟು ಬರುವುದು. ಈ ಕಡೆಯ ಕಟ್ಟಳೆ ಬರೆಯಲು ಸುಲಭ, ನಡೆಸಲು ಕಷ್ಟ. ನಾವು ಮಾತನಾಡಬೇಕಾಗಿದ್ದ ಹತ್ತು ನಿಮಿಷ ಮೌನವಾಗಿದ್ದುದರ ನೆನಪು ಈ ವಿಷಯದಲ್ಲಿ ನಮಗೆ ಗುರುವಾಗಿದೆ.

ಆಮೇಲೆ ಜನವರಿಯ ಒಂದು ಬೆಳಿಗ್ಗೆ ಮತ್ತೆ ಹೋದೆವು. ಹದಿನಾಲ್ಕರಲ್ಲಿ ಹನ್ನೆರಡು ಮಂದಿ ಬಂದಿದ್ದರು. ಮಣಿಕಟ್ಟು ಉಳುಕಿಸಿಕೊಂಡಿದ್ದ ಹುಡುಗ ಎಲ್ಲರಿಗಿಂತ ಮೊದಲೇ ಬಂದಿದ್ದ. ಗೌಡರೇ ಮುಂದೆ ನಡೆದರು. ಬಂಡೆ ಒಣಗಿತ್ತು, ಆಕಾಶ ತಿಳಿಯಾಗಿತ್ತು. ಒಂಬತ್ತು ಗಂಟೆಗೆ ಶಂಕರೇಶ್ವರನ ಗುಡಿಯ ಮುಂದೆ ಕುಳಿತು ಒಂದು ಕಡೆ ಸಾವನದುರ್ಗವನ್ನೂ ಒಂದು ಕಡೆ ಶಿವಗಂಗೆಯನ್ನೂ ನೋಡಿದೆವು. ಗುಬ್ಬಿಯ ಮಿತ್ರರಿಗೆ, “ಕಡೆಯ ಅಂಕ ಹೇಗಿದೆ?” ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಕಡೆಯದಲ್ಲ, ಇನ್ನೂ ಇಳಿಯಬೇಕು” ಎಂದರು.

ಗೌಡರು ಆಗಲೇ ಎದ್ದು ನಿಂತು ತಲೆ ಎಣಿಸುತ್ತಿದ್ದರು.